ಬಚ್ಚಲ ಬಾಗಿಲಲ್ಲಿ ಅಣ್ಣ

ಅಪ್ಪನ ತಲೆಯ ಮೇಲಿನ ಸೋಪಿನ ನೊರೆ ಇನ್ನೂ ಇಳಿಯುತ್ತಿರುವಾಗಲೇ ಅವಳು ಕೈಯಲ್ಲಿದ್ದ ಮಗ್ಗನ್ನು ಬಚ್ಚಲ ಬಾಗಿಲಲ್ಲಿ ನಿಂತಿದ್ದ ಅಣ್ಣನತ್ತ ಚಾಚಿದಳು. ತಿಂಗಳಿಗೊಮ್ಮೆ ಮುಖ ತೋರಿಸುವ ಅಣ್ಣ ಆಗಷ್ಟೇ, "ನನ್ನ ನೋಡು, ಅಪ್ಪನ ಜೊತೆ ಎಷ್ಟು ಖುಷಿಯಾಗಿರ್ತೀನಿ. ನೀನ್ಯಾಕೆ ಯಾವಾಗಲೂ ಮುಖ ಗಂಟು ಹಾಕ್ಕೊಂಡಿರ್ತೀಯ?" ಎಂದಿದ್ದ.

"ಹಿಡಿಯೋ ಅಣ್ಣ. ಬೆನ್ನುಜ್ಜು, ಎತ್ತಿ ನಿಲ್ಲಿಸು, ಒರೆಸಿ ಬಟ್ಟೆ ಹಾಕು. ಆಮೇಲೂ ಖುಷಿ ಉಳಿದಿದ್ರೆ ನನಗೂ ಸ್ವಲ್ಪ ಕೊಡು."

ಅಡುಗೆಮನೆಯಿಂದ ಅಮ್ಮ ಓಡಿ ಬಂದರು. "ಅವನು ಗಂಡಸು ಕಣೇ, ಇದೆಲ್ಲ ಅವನಿಗೆಲ್ಲಿ ಬರುತ್ತೆ?"

"ಅಪ್ಪನಿಗೆ ಲಕ್ವ ಹೊಡೆದ ದಿನ ನನಗೂ ಬರ್ತಿರಲಿಲ್ಲಮ್ಮ. ಬಸ್ ಓಡಿಸೋದೊಂದೇ ಬರ್ತಿತ್ತು."

ಅಣ್ಣ ತನ್ನ ಗರಿಗರಿ ಇಸ್ತ್ರಿಯ ಅಂಗಿಯನ್ನೊಮ್ಮೆ ನೋಡಿಕೊಂಡ. ಅವಳು ಚಾಚಿದ ಕೈಯನ್ನು ಇಳಿಸಲಿಲ್ಲ. ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕುಳಿತಿದ್ದ ಅಪ್ಪ ತೊದಲುತ್ತಲೇ ಅಂದರು: "ಬೇಗ ಬಾರೋ. ಕಣ್ಣು ಉರೀತಿದೆ."

ಅಣ್ಣ ಅಂಗಿಯ ತೋಳು ಮಡಚಿ, ಮಗ್ಗನ್ನು ತೆಗೆದುಕೊಂಡು ಒಳಗೆ ಕಾಲಿಟ್ಟ. ನೀರು ತೀರಾ ಬಿಸಿಯಿದೆಯೇನೋ ನೋಡು, ಎಡಗೈ ಹುಷಾರು ಎಂದೆಲ್ಲ ಬಾಯಿಯವರೆಗೆ ಬಂದ ಮಾತುಗಳನ್ನು ಅವಳು ನುಂಗಿಕೊಂಡಳು. ಒದ್ದೆ ಕೈ ಒರೆಸಿಕೊಂಡು, ಬೀದಿ ಬಾಗಿಲು ತೆರೆದು, ಹಿಂದೆ ನೋಡದೆ ನಡೆದಳು.