ಕಳಕವ್ವನ ಐದು ಬೆರಳು

ಹುಡುಗ ಐದನೆಯ ರೊಟ್ಟಿಗೆ ಕೈ ಚಾಚಿದಾಗ ರೇಣುಕವ್ವನ ಎದೆ ಧಸಕ್ಕೆಂದಿತು. ಬೇಕೆಂದೇ ಬದನೆಕಾಯಿ ಪಲ್ಯಕ್ಕೆ ಎರಡು ಹಿಡಿ ಉಪ್ಪು ಸುರಿದಿದ್ದಳು. ಆತ ಒಂದು ತಂಬಿಗೆ ನೀರು ಕುಡಿದು, ಪಲ್ಯವನ್ನೆಲ್ಲ ಬಳಿದು, ಆರನೆಯದನ್ನೂ ಕೇಳಿದ.

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಕಳಕವ್ವ ಕಾದು ನಿಂತಿದ್ದಳು.

"ಎಷ್ಟಾತು?"

"ಆರ್ರಿ, ಅತ್ತಿ."

"ಅಂದ್ರ ಇನ್ನೂ ಒಳಗ ಇಟ್ಕೊಂಡಾನ," ಎಂದು ಕಳಕವ್ವ ನಿಟ್ಟುಸಿರು ಬಿಟ್ಟಳು. "ಬೂದಿ ಮುಚ್ಚಿದ ಕೆಂಡ."

ಇದಕ್ಕೆಲ್ಲ ಮೂಲ ರೋಣದ ಡಾಕ್ಟರು. ಹದಿನೈದು ದಿನದ ಹಿಂದೆ ಅವರು ಗಜೇಂದ್ರಗಡಕ್ಕೆ ಬಂದು, ಹೈಸ್ಕೂಲಿನ ಅಂಗಳದಲ್ಲಿ ಪಾಲಕರನ್ನು ಕೂಡಿಸಿ ಭಾಷಣ ಮಾಡಿದ್ದರು. ಹದಿಹರೆಯದವರ ಮನಸ್ಸಿನ ಮೇಲೆ ಭಾರ ಬೀಳುತ್ತದೆ, ಅದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ, ದೊಡ್ಡವರೇ ಗುರುತಿಸಬೇಕು ಎಂದಿದ್ದರು. ಮನೆಯ ಯಜಮಾನಿಕೆಯೆಲ್ಲ ಕಳಕವ್ವನದು. ಭಾಷಣಕ್ಕೆ ಹೋದವಳೂ ಅವಳೇ. ಓದು ಬಾರದಿದ್ದರೇನು, ಐದು ಲಕ್ಷಣಗಳನ್ನು ಐದು ಬೆರಳಲ್ಲಿ ಎಣಿಸಿಕೊಂಡು ಬಂದಳು. ಊಟ ಸೇರುವುದಿಲ್ಲ. ನಿದ್ದೆ ಹತ್ತುವುದಿಲ್ಲ. ಕೈ ನಡುಗುತ್ತದೆ. ಕರೆದರೆ ಬೆಚ್ಚಿಬೀಳುತ್ತಾರೆ. ಕಾರಣವಿಲ್ಲದೆ ಅಳುತ್ತಾರೆ.

ಮನೆಯಲ್ಲಿ ಮ್ಯಾಟ್ರಿಕ್ ಪರೀಕ್ಷೆಗೆ ಕೂಡುವ ಹುಡುಗನಿದ್ದಾನೆ. ಅಂದಮೇಲೆ ಭಾರ ಇರಲೇಬೇಕು. ಇಲ್ಲವೆಂದರೆ ಮನೆತನದ ಮರ್ಯಾದೆ ಏನಾಗಬೇಕು? ಎದುರುಮನೆಯ ಶಿವನಪ್ಪನ ಮಗನಿಗೆ ಆಗಲೇ ಮೂರು ಲಕ್ಷಣ ಬಂದುಬಿಟ್ಟಿದ್ದವು.

ಪತ್ತೆಯ ಕೆಲಸ ರೇಣುಕವ್ವನ ಕೊರಳಿಗೆ ಬಿತ್ತು. ಅದರ ಹಿಂದೆಯೇ ಒಂದು ಕಟ್ಟಳೆಯೂ ಬಂತು. ಹೊಳೆಮಣ್ಣೂರಿನಿಂದ ಅವಳ ಅವ್ವ ಎರಡು ಸಲ ಹೇಳಿ ಕಳಿಸಿದ್ದಳು, ನಾಲ್ಕು ದಿನ ಬಂದು ಹೋಗಲೆಂದು. ಅವ್ವನ ಮುಖ ನೋಡಿ ಎಂಟು ತಿಂಗಳಾಗಿತ್ತು. ರೇಣುಕವ್ವನಿಗೆ ಬೇಕಾಗಿದ್ದುದು ಅದೊಂದೇ. ಕಳಕವ್ವ ಕಡ್ಡಿ ಮುರಿದಂತೆ ಹೇಳಿದ್ದಳು: "ಹುಡುಗನ ಭಾರ ಇಳಿಯೂತನಕ ತವರಮನಿ ಸುದ್ದಿ ತಗೀಬ್ಯಾಡ."

ಇಲ್ಲದ ಭಾರ ಇಳಿಯುವುದು ಹೇಗೆ? ಮೊದಲು ಅದು ಬರಬೇಕು. ರೇಣುಕವ್ವ ದೀಪ ಹಚ್ಚಿ, ಒಂದಾದರೂ ಲಕ್ಷಣ ಕೊಡಪ್ಪಾ ಎಂದು ದೇವರನ್ನು ಬೇಡಿಕೊಂಡಳು. ಯಾರಿಗೆ ಎಂದು ಹೆಸರು ಹೇಳುವಂತಿರಲಿಲ್ಲ. ಹುಡುಗನಿಗೆ ತೀರಿಹೋದ ಅಜ್ಜನ ಹೆಸರು. ಮನೆಯ ಹೆಂಗಸರು ಅದನ್ನು ಬಾಯಿಗೆ ತರುವಂತಿಲ್ಲ. ದೇವರೇ ತಿಳಿದುಕೊಳ್ಳಲಿ ಎಂದು ಬಿಟ್ಟಳು.

ದೇವರು ತಿಳಿದುಕೊಂಡಂತೆ ಕಾಣಲಿಲ್ಲ. ಹುಡುಗ ಭೂಮಿತಿಯ ಪುಸ್ತಕವನ್ನು ಮುಖದ ಮೇಲೆ ಮುಚ್ಚಿಕೊಂಡು ಗೊರಕೆ ಹೊಡೆದ. ಆತನಿಗೆ ಎಚ್ಚರವಾಗುತ್ತದೋ ಎಂದು ನೋಡಲು ರೇಣುಕವ್ವ ಪಡಸಾಲೆಯ ಹೊಸ್ತಿಲಲ್ಲಿ ಎಚ್ಚರವಿದ್ದಳು. ಆತನ ರೊಟ್ಟಿ ಎಣಿಸುವ ಗಡಿಬಿಡಿಯಲ್ಲಿ ತನ್ನದನ್ನು ಮರೆತಳು. ಒಂದು ಮಧ್ಯಾಹ್ನ, ಜಾರಿಬಿದ್ದ ಪುಸ್ತಕವನ್ನು ಎತ್ತಿಡಲು ಹೋದವಳು ಎರಡು ಪುಟ ಓದಿಯೇಬಿಟ್ಟಳು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂಡಬೇಕಾದ ವರ್ಷವೇ ಅವಳ ಮದುವೆಯಾಗಿತ್ತು.

"ರೇಣವ್ವಾ!" ಎಂದು ಅತ್ತೆ ಒಳಗಿನಿಂದ ಕೂಗಿದಳು. ಬೆಚ್ಚಿ ಎದ್ದವಳಿಗೆ ಸೀರೆ ಕಾಲಿಗೆ ತೊಡರಿತು. ಅದು ಯಾವಾಗಲೂ ತೊಡರುತ್ತಿತ್ತು.

ಪಕ್ಕದ ಮನೆಯ ಕಾಶೀಂಬಿ ಮಗ್ಗಕ್ಕೆ ನೂಲು ಸುತ್ತುತ್ತ ಇದನ್ನೆಲ್ಲ ನೋಡುತ್ತಿದ್ದಳು. "ಆ ಹುಡುಗನ್ನ ನೋಡಿದ್ದು ಸಾಕು. ಒಮ್ಮೆ ಕನ್ನಡ್ಯಾಗ ನಿನ್ನ ಮಾರಿ ನೋಡ್ಕೊ," ಎಂದಳು. "ನೀನರ ಉಂಡೀಯೇನವ್ವಾ?"

ಅಷ್ಟಕ್ಕೇ ರೇಣುಕವ್ವ ಬಾವಿಕಟ್ಟೆಯ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು. ಯಾಕೆಂದು ಅವಳಿಗೇ ತಿಳಿಯಲಿಲ್ಲ.

ಕೊನೆಗೆ ಸುಳ್ಳು ಹೇಳಿದಳು. "ಇವತ್ತ ಒಂದ ರೊಟ್ಟಿ ಕಡಿಮಿ ಆತ್ರಿ, ಅತ್ತಿ."

ಕಳಕವ್ವನ ಮುಖ ಹೂವಿನಂತೆ ಅರಳಿತು. ಹೆಬ್ಬೆರಳು ಮಡಚಿಯೇ ಎದುರುಮನೆಗೆ ಹೋಗಿ ಸುದ್ದಿ ಮುಟ್ಟಿಸಿ ಬಂದಳು. ಮರುದಿನ ಮೊದಲ ಬಸ್ಸಿಗೇ ಮೂವರೂ ರೋಣಕ್ಕೆ ಹೊರಟರು. ಹುಡುಗ ಮುಂದಿನ ಸೀಟಿನಲ್ಲಿ ದಾರಿಯುದ್ದಕ್ಕೂ ಶೇಂಗಾ ತಿಂದ. ಹಿಂದೆ ಅತ್ತೆಯ ಪಕ್ಕದಲ್ಲಿ ರೇಣುಕವ್ವ, ಹೊಳೆಮಣ್ಣೂರಿನ ದಾರಿ ಎಲ್ಲಿ ಒಡೆಯುತ್ತದೆಂದು ಕಿಟಕಿಯಿಂದ ನೋಡುತ್ತ ಕುಳಿತಳು.

ಡಾಕ್ಟರು ಹುಡುಗನ ನಾಲಿಗೆ ನೋಡಿದರು, ನಾಡಿ ಹಿಡಿದರು, ಹೊಟ್ಟೆ ತಟ್ಟಿದರು.

"ಊಟ ಹ್ಯಾಂಗೈತಿ?"

"ಒಂದ ರೊಟ್ಟಿ ಬಿಟ್ಟಾನ್ರಿ," ಎಂದು ಕಳಕವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆರರಾಗ ಐದ ತಿಂದಾನ್ರಿ."

"ಎಣಿಸಿದವರು ಯಾರು?"

"ಈಕಿ ರೀ."

ರೇಣುಕವ್ವ ಅತ್ತೆಗೆ ನೀರು ತಂದು ನಿಂತಿದ್ದಳು. ಲೋಟದೊಳಗಿನ ನೀರು ತುಳುಕುತ್ತಿತ್ತು. "ಏನವ್ವಾ" ಎಂದು ಡಾಕ್ಟರು ಅವಳನ್ನು ಕರೆದದ್ದೇ ತಡ, ಲೋಟ ಕೈಜಾರಿ ನೆಲಕ್ಕೆ ಬಿತ್ತು. ಡಾಕ್ಟರು ಬೈಯಲಿಲ್ಲ. ನಿನ್ನೆ ಉಂಡೆಯಾ ಎಂದು ಕೇಳಿದರು. ನಿದ್ದೆ ಮಾಡಿದೆಯಾ ಎಂದರು. ರೇಣುಕವ್ವ ಇಲ್ಲವೆಂದು ತಲೆ ಅಲ್ಲಾಡಿಸಿದಳು, ಕಣ್ಣಲ್ಲಿ ನೀರು ತುಂಬಿತು. ಕಳಕವ್ವ ರೂಢಿಯಂತೆ ಒಂದೊಂದೇ ಬೆರಳು ಮಡಚುತ್ತ ಬಂದಳು. ನೋಡಿದರೆ ಮುಷ್ಟಿಯೇ ಕಟ್ಟಿತ್ತು.

ಡಾಕ್ಟರು ಚೀಟಿ ಬರೆಯತೊಡಗಿದರು. "ಔಷಧ ಏನೂ ಬ್ಯಾಡ. ಒಂದ ತಿಂಗಳು ತಾಯಿ ಹತ್ರ ಇರಬೇಕು, ಅಷ್ಟ."

"ಹಡದ ತಾಯಿ ನಾ ಇಲ್ಲೇ ನಿಂತೀನಲ್ರಿ!" ಕಳಕವ್ವ ಹುಡುಗನ ತಲೆಯನ್ನು ಎದೆಗೆ ಒತ್ತಿಕೊಂಡಳು. "ಇರಾಂವ ಒಬ್ಬನ ಮಗಾರಿ, ಹುಟ್ಟಿದಾಗಿಂದ ಒಂದ ದಿನಾನೂ ಇವನ್ನ ಬಿಟ್ಟಿಲ್ರಿ!"

"ನಿಮ್ಮ ಮಗಗ ಏನೂ ಆಗಿಲ್ರಿ. ಚೀಟಿ ನಿಮ್ಮ ಸೊಸಿದು," ಎಂದ ಡಾಕ್ಟರು ರೇಣುಕವ್ವನ ಕಡೆ ತಿರುಗಿದರು. "ವಯಸ್ಸೆಷ್ಟವ್ವಾ ನಿಂದು?"

"ಬರೂ ಉಗಾದಿಗೆ ಹದಿನೈದ ತುಂಬತಾವ್ರಿ."