ಸಿಟ್ಟು ಸೋಸಿದ ಗಂಡ

ರಜೆಗೆ ಹೋಗುವ ದ್ವೀಪದ ಅಗ್ಗದ ಗುಡಿಸಲುಗಳಿಗೆ ತೆಂಗಿನ ಗರಿಯ ಗೋಡೆ. ಒಬ್ಬ ಕೂಗಾಡಿದರೆ ಸಾಲಿಗೆ ಸಾಲೇ ನಿದ್ದೆಗೆಡುತ್ತದೆ ಅಂತ ಸಿಟ್ಟಿನವರನ್ನು ಅಲ್ಲಿಗೆ ಬಿಡುತ್ತಿರಲಿಲ್ಲ. ಅಂಥವರು ಸಿಟ್ಟು ಸೋಸಿ ತೆಗೆದ ತಮ್ಮ ಜೀವಂತ ನಕಲನ್ನು ಕಳಿಸಿ, ತಾವು ಊರಲ್ಲಿ ಕೆಲಸಕ್ಕೆ ಹೋಗಬೇಕು. ಹುಬ್ಬಳ್ಳಿಯ ಗ್ಯಾರೇಜಿನ ಕಲ್ಲಪ್ಪನಿಗೆ ಹೋದ ವರ್ಷ ಅದೇ ಗತಿಯಾಗಿತ್ತು. ಹೆಂಡತಿ ಸುಮಂಗಲಾ ನಕಲಿನ ಜೊತೆ ಹೋಗಿ, ಮೈಕೈ ತುಂಬಿಕೊಂಡು ಬಂದಿದ್ದಳು.

ಈ ಸಲವೂ ಬಂದರಿನ ಕೌಂಟರಿನಲ್ಲಿ ಅವಳು ಗುಡಿಸಲನ್ನೇ ಆರಿಸಿದಳು.

"ಗಟ್ಟಿ ಗೋಡಿ ಖೋಲಿ ತಗೋ, ನಾನ ಬರ್ತೀನಿ," ಅಂದ ಕಲ್ಲಪ್ಪ.

"ಅದು ತುಟ್ಟಿ ಐತ್ರಿ."

"ತುಟ್ಟಿ ಅಂತೋ, ಅವ ಚೊಲೋ ಅಂತೋ?"

"ನಾ ಮಾತಾಡಿ ಮುಗಿಸೂತನಕ ಅವ್ರು ಕೇಳ್ತಾರ. ಅವ್ರೂ ನೀವ ಅಲ್ಲೇನ್ರಿ?"

ಅಷ್ಟರಲ್ಲಿ ಹೋದ ವರ್ಷದ ಅಚ್ಚಿನಿಂದಲೇ ತೆಗೆದ ನಕಲು ಒಳಕೋಣೆಯಿಂದ ಬಂತು. ಅದೇ ಮೂಗು, ಅದೇ ಗ್ರೀಸು ಮೆತ್ತಿದ ಉಗುರು. ಕಲ್ಲಪ್ಪ ಅದರ ಕೊರಳಪಟ್ಟಿ ಹಿಡಿದ.

"ಮಗನ, ನನ್ನ ಹೆಂಡ್ತಿ ಜೋಡಿ ಹೊಂಟೀಯೇನು?"

ನಕಲಿಗೆ ಅವನ ಮುಖ ನೋಡಿ ಮರುಕ ಬಂತು.

"ಇಷ್ಟು ಸಂಕಟ ಆದ್ರ ನೀನ ಹೋಗಪಾ. ಇಬ್ಬರದೂ ಒಂದ ಮಾರಿ, ಯಾರಿಗೂ ಗೊತ್ತಾಗೂದಿಲ್ಲ. ಗ್ಯಾರೇಜ್ ನಾ ನೋಡ್ಕೋತೀನಿ," ಅಂತ ಟಿಕೆಟ್ಟನ್ನು ಅವನ ಕೈಗಿಟ್ಟಿತು.

ಗೆದ್ದೆ ಅಂದುಕೊಂಡು ಕಲ್ಲಪ್ಪ ಹೆಂಡತಿಯ ಕಡೆ ತಿರುಗಿದ. ಸುಮಂಗಲಾ ಆಗಲೇ ತನ್ನ ಬ್ಯಾಗನ್ನು ಎತ್ತಿಕೊಂಡು ನಕಲಿನ ಪಕ್ಕಕ್ಕೆ ಸರಿದಿದ್ದಳು.

"ಹಂಗಾರ ನೀವು ಆರಾಮ ಹೋಗಿಬರ್ರಿ," ಅಂದಳು. "ನಾ ಇವ್ರ ಜೋಡಿ ಹುಬ್ಬಳ್ಳಿಗೆ ಹೊಕ್ಕೀನಿ."