ಹತ್ತೊಂಬತ್ತು ಚೀಟಿ

"ಪುಷ್ಪಕ್ಕ, ಸುಣ್ಣದ ಚೀಟಿ ತಪ್ಪಾಗಿದೆ. ನಾನೇ ತಪ್ಪು ಬರೆದಿದ್ದೀನಿ."

ಚೈತ್ರಶ್ರೀ ಕಂಪ್ಯೂಟರಿನ ಪರದೆಯನ್ನು ಪುಷ್ಪಾಳ ಕಡೆ ತಿರುಗಿಸಿದಳು. ಸಕಲೇಶಪುರದ ಔಷಧಿ ಅಂಗಡಿಯ ಮಹಡಿ ಮೇಲಿನ ಆ ಒಂದು ಕೋಣೆಯ ಕಂಪನಿಯಲ್ಲಿ ಇದ್ದವರೇ ಇಬ್ಬರು: ಕಂಪನಿ ಕಟ್ಟಿದ ಪುಷ್ಪಾ, ಪ್ರೋಗ್ರಾಮ್ ಬರೆಯುವ ಚೈತ್ರಶ್ರೀ. ಊರಿನ ಮಣ್ಣು ಪರೀಕ್ಷೆಯ ಲ್ಯಾಬಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದರು. ಎಲ್ಲ ಮುಗಿಸಿ ವರ್ಷದ ಕೊನೆಗೆ ಒಟ್ಟಿಗೆ ಕೊಡುವುದು ಬೇಡ, ವಾರಕ್ಕೊಂದು ತುಂಡು ಕೊಡೋಣ, ಬಳಸಿದವರು ಹೇಳಿದಂತೆ ತಿದ್ದೋಣ ಎನ್ನುವುದು ಪುಷ್ಪಾಳ ಹಟ. ಈ ವಾರ ಕೊಟ್ಟಿದ್ದು, ತೋಟಕ್ಕೆ ಎಷ್ಟು ಸುಣ್ಣ ಹಾಕಬೇಕೆಂದು ಕನ್ನಡದಲ್ಲಿ ಅಚ್ಚು ಹಾಕುವ ಚೀಟಿ. ಹೆಕ್ಟೇರಿನ ಲೆಕ್ಕವನ್ನು ಚೈತ್ರಶ್ರೀ ಎಕರೆಯದೆಂದು ಬರೆದುಬಿಟ್ಟಿದ್ದಳು. ಎಕರೆಗೆ ಹದಿನಾರು ಮೂಟೆ ಸಾಕಾಗುವ ಕಡೆ ನಲವತ್ತು ಎಂದು ಅಚ್ಚಾಗಿತ್ತು. ಅಷ್ಟು ಸುಣ್ಣ ಬಿದ್ದರೆ ಗಿಡ ಸೊರಗುತ್ತದೆ.

ಪುಷ್ಪಾ ಕೇಳಿದ್ದು ಒಂದೇ ಮಾತು. "ಎಷ್ಟು ಚೀಟಿ ಹೊರಗೆ ಹೋಗಿದೆ?"

"ಹತ್ತೊಂಬತ್ತು."

ಲ್ಯಾಬಿನ ಏಕಾಂತಯ್ಯನವರಿಗೆ ಫೋನ್ ಮಾಡಿದರೆ ಅವರು ಬೆಚ್ಚಿಬಿದ್ದರು. "ಸೋಮವಾರ ಎಸ್ಟೇಟಿನವರೆಲ್ಲ ನಿಮ್ಮ ಸಾಫ್ಟ್‌ವೇರ್ ನೋಡಾಕೆ ಬತ್ತಾವ್ರೆ. ಇವತ್ತು ಶನಿವಾರ. ಒಳಗೊಳಗೇ ತಿದ್ಬುಡಿ. ನಲವತ್ತು ಮೂಟೆ ಯಾವನು ಹಾಕ್ತಾನೆ ಮಾರಾಯ್ತಿ?"

"ಒಬ್ಬರು ಹಾಕಿದ್ರೂ ಹಾಕಿದ ಹಾಗೇ ಅಲ್ವಾ ಸಾರ್. ವಿಳಾಸ ಕೊಡಿ," ಎಂದಳು ಪುಷ್ಪಾ.

ಫೋನ್ ಇದ್ದ ಏಳು ಮನೆಗೆ ಫೋನ್ ಮಾಡಿದರು. ಉಳಿದ ಹನ್ನೆರಡಕ್ಕೆ ಸ್ಕೂಟರ್ ಹತ್ತಿದರು. ಹಿಂದೆ ಕೂತ ಚೈತ್ರಶ್ರೀ ಯಸಳೂರು ದಾಟುವವರೆಗೂ ತಡೆದುಕೊಂಡಿದ್ದು, ಕೊನೆಗೆ ಹೇಳಿಯೇಬಿಟ್ಟಳು. "ಬೈತೀರಿ ಅಂದ್ಕೊಂಡಿದ್ದೆ ಅಕ್ಕ."

"ನಾಲಿಗೆ ತುದೀಲಿತ್ತು ಕಣೆ. ಬೈದ್ರೆ ಇನ್ನೊಂದು ಸಲ ನೀನು ನನಗೆ ಹೇಳಲ್ಲ."

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಹದಿನೆಂಟು ಮನೆ ಮುಗಿದಿತ್ತು. ಒಬ್ಬರೂ ಸುಣ್ಣ ಹಾಕಿರಲಿಲ್ಲ. ಚೀಟಿಯನ್ನು ಒಬ್ಬರು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದರು, ಇನ್ನೊಬ್ಬರ ಮನೆಯಲ್ಲಿ ಅದು ಸಿಗಲೇ ಇಲ್ಲ. ಏಕಾಂತಯ್ಯ ಹೇಳಿದ್ದೇ ಸರಿಯೇನೋ ಎಂದು ಚೈತ್ರಶ್ರೀಗೆ ಅನ್ನಿಸತೊಡಗಿತ್ತು. ಉಳಿದದ್ದು ವನಗೂರಿನ ಮೀನಾಕ್ಷಮ್ಮ. ಸ್ಕೂಟರ್ ಏರದ ದಾರಿಯಲ್ಲಿ ಇಬ್ಬರೂ ನಡೆದೇ ಹತ್ತಿದರು. ತಿರುವು ಕಳೆದದ್ದೇ ತಡ, ಚೈತ್ರಶ್ರೀಯ ಕಾಲು ನಿಂತುಹೋಯಿತು. ಕಾಫಿ ಗಿಡಗಳ ಬುಡವೆಲ್ಲ ಬೆಳ್ಳಗಿತ್ತು.

ಪುಷ್ಪಾ ಬಾಯಿ ತೆರೆಯುವ ಮೊದಲೇ ಚೈತ್ರಶ್ರೀ ಗಿಡಗಳ ನಡುವೆ ನಿಂತಿದ್ದ ಮೀನಾಕ್ಷಮ್ಮನ ಮುಂದೆ ಹೋದಳು. "ಅಮ್ಮ, ಆ ಚೀಟಿ ಬರೆದದ್ದು ನಾನು. ತಪ್ಪು ಬರೆದಿದ್ದೆ. ಹಾಕಬೇಕಾಗಿದ್ದು ಹದಿನಾರೇ ಮೂಟೆ."

ಮೀನಾಕ್ಷಮ್ಮ ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟರು. "ಯಾವಾಗ್ಲೂ ಹಾಕೋ ಹದಿನಾರೇ ಸಾಕು ಅಂತ ನಮ್ಮನೆಯೋರು ಬಡ್ಕೊಂಡ್ರು ಕಣವ್ವ. ಕಂಪ್ಯೂಟರ್ ಚೀಟಿ ಸುಳ್ಳಾಡ್ತದಾ ಅಂತ ನಾನೇ ಜಗಳ ಆಡಿ ಹಾಕ್ಸಿದ್ದು. ಉಳಿದ ಮೂಟೆ ತರಾಕೆ ಬೆಳಗ್ಗೇನೇ ಯಸಳೂರಿಗೆ ಹೋದ್ರು."

"ಈವರೆಗೆ ಎಷ್ಟು ಹಾಕಿದ್ದೀರಿ?" ಎಂದು ಪುಷ್ಪಾ ಕೇಳಿದಳು.

"ಕಾಲೆಕರೆಗೆ ಹತ್ತು ಮೂಟೆ."

ಅದರಲ್ಲಿ ಆರು ಹೆಚ್ಚು. ಬೆಳಗ್ಗೆ ಹರಡಿದ ಸುಣ್ಣ ಇನ್ನೂ ತರಗೆಲೆಯ ಮೇಲೆ ಪುಡಿಪುಡಿಯಾಗಿಯೇ ಇತ್ತು, ಮಣ್ಣಿಗೆ ಇಳಿದಿರಲಿಲ್ಲ. ಬಿಸಿಲೆ ಘಾಟಿಯ ಕಡೆಯಿಂದ ಮಾತ್ರ ಮೋಡ ಏರುತ್ತಿತ್ತು. ಒಂದು ಮಳೆ ಬಿದ್ದರೆ ಮುಗಿಯಿತು. ಚೈತ್ರಶ್ರೀ ಚಪ್ಪಲಿ ಬಿಟ್ಟು, ವೇಲನ್ನು ಸೊಂಟಕ್ಕೆ ಬಿಗಿದಳು. "ಪೊರಕೆ, ಮೊರ, ಖಾಲಿ ಚೀಲ ಕೊಡಿ ಅಮ್ಮ."

"ಇಳಿಜಾರು ಕಣೆ, ಆಗುತ್ತಾ?" ಎಂದಳು ಪುಷ್ಪಾ.

"ಆದಷ್ಟು."

ಮೂವರೂ ಬಗ್ಗಿದರು. ತರಗೆಲೆಯ ಸಮೇತ ಸುಣ್ಣ ಗೋರಿ ಮೊರಕ್ಕೆ, ಮೊರದಿಂದ ಚೀಲಕ್ಕೆ. ಪುಡಿ ಮೂಗಿಗೆ ಏರಿತು, ಬೆವರಿಗೆ ಸೇರಿ ಕತ್ತು ಉರಿಯಿತು. ನಡುವೆ ಒಮ್ಮೆ ಪುಷ್ಪಾ ಕೈಗಡಿಯಾರ ನೋಡಿದ್ದು ಚೈತ್ರಶ್ರೀಗೆ ಕಂಡಿತು. ಸೋಮವಾರ ಎಸ್ಟೇಟಿನವರಿಗೆ ತೋರಿಸಲು ಒಂದು ಪುಟವೂ ತಯಾರಾಗಿರಲಿಲ್ಲ. ಪುಷ್ಪಾ ಅದನ್ನು ಬಿಚ್ಚಿ ತನ್ನ ಕೈಚೀಲದೊಳಗೆ ಹಾಕಿ ಮತ್ತೆ ಬಗ್ಗಿದಳು. ಮೊದಲ ಹನಿ ಬೀಳುವಾಗ ಐದೂವರೆ ಚೀಲ ತುಂಬಿ ಜಗಲಿ ಸೇರಿತ್ತು.

ಮೀನಾಕ್ಷಮ್ಮ ಕೈ ತೊಳೆದು, ಕಾಫಿ ಲೋಟ ಮುಂದಿಟ್ಟರು. ಅವರ ಮುಖ ಇನ್ನೂ ಸಡಿಲಾಗಿರಲಿಲ್ಲ. "ನಲವತ್ತು ಅಂದಾಗ ನಂಗೂ ಯಾಕೋ ಜಾಸ್ತಿ ಆಯ್ತು ಅನ್ನಿಸ್ತು ಕಣವ್ವ. ಯಾರ್ನ ಕೇಳಾದು? ಚೀಟೀಲಿ ಲ್ಯಾಬಿನ ಹೆಸರು ಐತೆ, ನನ್ನ ಹೆಸರು ಐತೆ. ಬರ್ದೋರ ಹೆಸರೇ ಇಲ್ಲ."

ಒಳಗೆ ಹೋಗಿ ಚೀಟಿ ತಂದು ಚೈತ್ರಶ್ರೀಯ ಮುಂದೆ ಹಿಡಿದರು. ಚೈತ್ರಶ್ರೀ ನಲವತ್ತನ್ನು ಹೊಡೆದು ಹದಿನಾರು ಮಾಡಿದಳು. ಅಷ್ಟಕ್ಕೆ ಮೀನಾಕ್ಷಮ್ಮ ಚೀಟಿ ಹಿಡಿದ ಕೈ ಹಿಂದೆ ತೆಗೆಯಲಿಲ್ಲ. ಸುಣ್ಣ ತಾಗಿ ಸಿಪ್ಪೆ ಏಳುತ್ತಿದ್ದ ಬೆರಳಿನಿಂದ ಪೆನ್ನು ಗಟ್ಟಿಯಾಗಿ ಹಿಡಿದು, ಚೀಟಿಯ ಅಡಿಯಲ್ಲಿ ಚೈತ್ರಶ್ರೀ ದೊಡ್ಡ ಅಕ್ಷರದಲ್ಲಿ ತನ್ನ ಹೆಸರು ಬರೆದಳು.